ನಾಲ್ಕನೇ ಅಂಕದಲ್ಲಿ ಕೆಂಪಮ್ಮತ್ತೆ

ಒಳ್ಳೆಯವರನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಬಹಳ ಕಷ್ಟ. ಯಾರ ಮನಸ್ಸನ್ನೂ ನೋಯಿಸಲು ಈ ಮಾತು ಹೇಳುತ್ತಿಲ್ಲ. ಎಂಬತ್ತರ ಹತ್ತಿರ ಬಂದವನ ಅನುಭವ ಹೇಳುತ್ತಿದ್ದೇನೆ. ನನ್ನ ಜೀವನದಲ್ಲಿ ಎಷ್ಟೋ ಜನ ಸಜ್ಜನರು ಬಂದು ಹೋದರು. ಊಟ ಹಾಕಿದರು, ಮಲಗಲು ಚಾಪೆ ಕೊಟ್ಟರು, ತಲೆ ಸವರಿ ಒಳ್ಳೆಯದಾಗಲಿ ಎಂದರು. ಈಗ ಅವರನ್ನು ನೆನೆಸಿಕೊಳ್ಳಲು ಕೂತರೆ ಎಲ್ಲರಿಗೂ ಒಂದೇ ಮುಖ, ಒಂದೇ ನಗೆ. ಆದರೆ ನಮ್ಮ ಕೆಂಪಮ್ಮತ್ತೆಯನ್ನು ನೆನೆಸಿಕೊಳ್ಳುವ ಅಗತ್ಯವೇ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾಗಲಿ, ಯಾರಾದರೂ ಬಾಗಿಲನ್ನು ದಢಾರೆಂದು ಹಾಕಲಿ, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ತಾನಾಗಿ ಬಂದು ನನ್ನೆದುರು ನಿಲ್ಲುತ್ತಾಳೆ. ಅವಳ ಮೂಗುಬೊಟ್ಟಿನ ಕಲ್ಲು ಎಷ್ಟು ಕೆಂಪಗಿತ್ತು ಎಂಬುದೂ ನೆನಪಿದೆ.

ಈಚೆಗೆ ಅವಳು ಹೆಚ್ಚಾಗಿ ನೆನಪಾಗಲು ನಮ್ಮ ಸೊಸೆ ಕಾರಣ. ದಿನಾ ಸಂಜೆ ಅವಳು ಟೀವಿಯಲ್ಲಿ ಒಂದು ಧಾರಾವಾಹಿ ನೋಡುತ್ತಾಳೆ. ಅದರ ನಾಯಕಿಯನ್ನು ಕಂಡರೆ ಇಡೀ ಊರಿಗೇ ಆಗುವುದಿಲ್ಲ. ಬಾಯಿ ಬಿಟ್ಟರೆ ಕೊಂಕು, ಮುಚ್ಚಿದರೆ ಸಿಡುಕು. ಈಗ ಒಂದು ವಾರದಿಂದ ಆ ನಾಯಕಿಗೆ ಏನೋ ಗಂಟು ಕಾಣಿಸಿಕೊಂಡು, ಡಾಕ್ಟರು ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಮೊನ್ನೆಯವರೆಗೆ ಅವಳನ್ನು ಬಯ್ದುಕೊಂಡು ಹುರುಳಿಕಾಯಿ ಸೋಸುತ್ತಿದ್ದ ಸೊಸೆ ಈಗ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. "ಈ ಕಥೆ ನಾನು ಯುದ್ಧದ ಕಾಲದಲ್ಲೇ ಬರೆದಿದ್ದೆನಮ್ಮ" ಎಂದೆ. "ಸುಮ್ನಿರಿ ಮಾವ, ರಿಪೋರ್ಟು ಬರೋ ಹೊತ್ತು" ಎಂದಳು. ಮನೆಯಲ್ಲಿ ಯಾರೂ ಕೇಳದಿದ್ದರೆ ನಿಮಗೆ ಹೇಳದೆ ಬೇರೆ ದಾರಿಯಿಲ್ಲ.

ಆಗ ನಾನು ಮಳವಳ್ಳಿಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಗೆಜ್ಜಲಗೆರೆ ಪಕ್ಕದ ನಮ್ಮ ಹಳ್ಳಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಬಂದವನಿಗೆ ಇಳಿದುಕೊಳ್ಳಲು ಇದ್ದ ಜಾಗ ಒಂದೇ, ನಮ್ಮಪ್ಪನ ಅಕ್ಕ ಕೆಂಪಮ್ಮನ ಮನೆ. ಅತ್ತೆಗೆ ಮಕ್ಕಳಿರಲಿಲ್ಲ. ಮಾವ ಚಿಕ್ಕೇಗೌಡರು ಒಂದಿಷ್ಟು ಗದ್ದೆ ನೋಡಿಕೊಂಡು, ಉಳಿದ ಹೊತ್ತು ಜಗಲಿಯಲ್ಲಿ ಕೂತು ಅಕ್ಷರ ಕಂಡದ್ದನ್ನೆಲ್ಲ ಓದುವ ಮನುಷ್ಯ. ಸಂಜೆ ಅತ್ತೆ ರಾಗಿ ಕೇರುತ್ತ ಕೂತರೆ ಮಾವ ಎರಡು ದಿನ ಹಳೆಯ ಪತ್ರಿಕೆಯ ಯುದ್ಧದ ಸುದ್ದಿ ಓದಿ ಹೇಳುತ್ತಿದ್ದರು. ಅತ್ತೆ ಮೊರ ಕೆಳಗಿಟ್ಟು, "ಆ ಜರ್ಮನಿಯೋನ್ಗೆ ಏಳೋರು ಕೇಳೋರು ಯಾರೂ ಇಲ್ವಾ? ಅವನ ಎತ್ತೋಳು ಏನ್ ಮಾಡ್ತಾವ್ಳೆ?" ಎಂದು ಎರಡೂ ಪಕ್ಷಗಳನ್ನು ಸೇರಿಸಿ ಬಯ್ಯುತ್ತಿದ್ದಳು. ಬೀದಿಯ ಜಗಳಕ್ಕೂ ಲೋಕದ ಯುದ್ಧಕ್ಕೂ ಅವಳಲ್ಲಿ ಭೇದವಿರಲಿಲ್ಲ.

ಅತ್ತೆಯನ್ನು ಕಂಡರೆ ಬೀದಿಯಲ್ಲಿ ಯಾರಿಗೂ ಆಗುತ್ತಿರಲಿಲ್ಲ ಎಂದರೆ ಅದು ಚಾಡಿಯಲ್ಲ, ನಿಜ. ಜ್ವರ ಬಿದ್ದು ಎದ್ದವರನ್ನು ನೋಡಿಕೊಂಡು ಬರಲು ಹೋಗಿ, "ಅಯ್ಯೋ, ಇನ್ನೂ ಬಡಕಲಾಗಿರ್ತೀಯ ಅಂದ್ಕಂಡಿದ್ದೆ" ಎಂದು ನಿರಾಶೆಯಿಂದ ಹೇಳಿ ಬರುತ್ತಿದ್ದಳು. ಮದುವೆ ಮನೆಯಲ್ಲಿ ಬೀಗರನ್ನು ಕರೆದು ಪಾಯಸ ತೆಳ್ಳಗಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು. ನನ್ನನ್ನಂತೂ ದಿನಕ್ಕೆರಡು ಸಲ ವಿಚಾರಿಸಿಕೊಳ್ಳುತ್ತಿದ್ದಳು. ಮುದ್ದೆ ಹಾಕುವಾಗ, "ಗೇಯೋರ್ಗಿಂತ ಮೇಷ್ಟ್ರುಗೇ ಮುದ್ದೆ ದೊಡ್ಡದಾಗ್ಬೇಕು. ಕೂಗಿ ಕೂಗಿ ಅಸಿವಾಯ್ತದೋ ಏನೋ" ಎನ್ನುವಳು. ಓದು ಬರಹ ಬಾರದಿದ್ದರೂ ನನ್ನ ಬರವಣಿಗೆ ನೋಡಿ, "ಇದೇನ್ಲಾ, ಇರುವೆ ಅರಿದಂಗೆ ಬರ್ದಿದ್ದೀಯ. ಆ ಮಕ್ಳು ಎಂಗ್ ಓದ್ತವೆ?" ಎನ್ನುವಳು. ನನಗೆ ಆಗ ಇಪ್ಪತ್ತಮೂರು ವರ್ಷ. ಬರವಣಿಗೆಯ ವಿಷಯದಲ್ಲಿ ಏನು ಅಂದರೂ ಸಹಿಸುವ ವಯಸ್ಸಲ್ಲ. ಮೈಯೆಲ್ಲ ಉರಿದುಹೋಗುತ್ತಿತ್ತು.

ಆ ಉರಿಯಿಂದ ಹುಟ್ಟಿದ್ದು ನನ್ನ ನಾಟಕ. ಮಳವಳ್ಳಿಯಲ್ಲಿ ನಾವು ಏಳೆಂಟು ಜನ ಸೇರಿಕೊಂಡು ಒಂದು ನಾಟಕ ಮಂಡಳಿ ಮಾಡಿಕೊಂಡಿದ್ದೆವು. ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸದಲ್ಲಿದ್ದ ರಾಮಯ್ಯ ಎಂಬಾತ ಹಾರ್ಮೋನಿಯಂ ಮೇಷ್ಟ್ರು. ಪೌರಾಣಿಕ ಆಡೋಣವೆಂದರೆ ಕಿರೀಟ, ಭುಜಕೀರ್ತಿ, ಗದೆಗಳನ್ನು ಮೈಸೂರಿನಿಂದ ತರಿಸಬೇಕು. ಯುದ್ಧಕಾಲದಲ್ಲಿ ರಾಗಿಯೇ ಬರುವುದು ಕಷ್ಟವಾಗಿದ್ದಾಗ ಗದೆ ಎಲ್ಲಿಂದ ಬರಬೇಕು? ನಾನು ಎದ್ದು ನಿಂತು, "ಸಾಮಾಜಿಕ ನಾಟಕ ಆಡೋಣ. ಸೀರೆ ಪಂಚೆ ಇದ್ದರೆ ಸಾಕು. ಬರೆದುಕೊಡುವ ಹೊಣೆ ನನ್ನದು" ಎಂದುಬಿಟ್ಟೆ. ಸೀಮೆಎಣ್ಣೆಗೂ ತತ್ವಾರವಾದ್ದರಿಂದ ಗ್ಯಾಸ್‌ಲೈಟಿನ ಆಸೆ ಬಿಟ್ಟು, ಭಾನುವಾರ ಮಧ್ಯಾಹ್ನ ಸಂತೆ ಮಾಳದ ಚಪ್ಪರದಲ್ಲಿ ಬಿಸಿಲಿನ ಬೆಳಕಿನಲ್ಲೇ ಆಡುವುದೆಂದು ತೀರ್ಮಾನವಾಯಿತು. ರಾಮಯ್ಯನಿಗೆ ಇದು ದೊಡ್ಡ ಅವಮಾನ. ಅವನು ದಿನವಿಡೀ ಕಾದು ಕಳಿಸುತ್ತಿದ್ದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ಹಾದು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಮ್ಮ ನಾಟಕಕ್ಕೆ ಮಾತ್ರ ಒಂದು ಬುರುಡೆ ಉರಿಯುವ ಹಾಗಿರಲಿಲ್ಲ.

ನಾಟಕದ ಹೆಸರು 'ಬಾಯಿಬಡುಕಿ ಭದ್ರಮ್ಮ'. ಹೆಸರು, ಊರು ಬದಲಾಯಿಸಿ ಅತ್ತೆಯನ್ನೇ ಎತ್ತಿ ಅಲ್ಲಿ ಕೂರಿಸಿದ್ದೆ. ಮೊದಲನೇ ಅಂಕದಲ್ಲಿ ಭದ್ರಮ್ಮ ಬೀದಿಯವರೊಂದಿಗೆಲ್ಲ ಜಗಳವಾಡುತ್ತಾಳೆ. ಎರಡನೇ ಅಂಕದಲ್ಲಿ ಅವಳ ಕತ್ತಿನ ಪಕ್ಕದಲ್ಲಿ ಒಂದು ಗಂಟು ಏಳುತ್ತದೆ, ಪಂಡಿತರು ನೋಡಿ ತಲೆಯಾಡಿಸುತ್ತಾರೆ. ಮೂರನೇ ಅಂಕದಲ್ಲಿ ಅವಳಿಗೆ ಬುದ್ಧಿ ಬಂದು, ಮನೆಮನೆಗೂ ಹೋಗಿ ಕಾಲು ಹಿಡಿದು ಕ್ಷಮೆ ಕೇಳುತ್ತಾಳೆ. ನಾಲ್ಕನೇ ಅಂಕದಲ್ಲಿ ಗಂಡನ ತೊಡೆಯ ಮೇಲೆ ತಲೆಯಿಟ್ಟು, ಶೋಕದ ಮುಖಾರಿ ರಾಗದಲ್ಲಿ ಒಂದು ಹಾಡು ಹೇಳಿ ಪ್ರಾಣ ಬಿಡುತ್ತಾಳೆ. ಅದನ್ನು ಬರೆದ ದಿನ ನನಗೆ ಆದ ಸಂತೋಷ ಹೇಳತೀರದು. ಬೆಳಿಗ್ಗೆ ಅತ್ತೆ ಬಯ್ದಿದ್ದಳು, ಮಧ್ಯಾಹ್ನ ಅವಳನ್ನು ಸಾಯಿಸಿ ಸಂಜೆ ಅವಳ ಕೈಯಲ್ಲೇ ಮುದ್ದೆ ಹಾಕಿಸಿಕೊಂಡು ಉಂಡೆ. ಹಸ್ತಪ್ರತಿಯ ನೋಟ್ ಪುಸ್ತಕವನ್ನು ಜಗಲಿಯ ಗೋಡೆಯ ಗೂಡಿನಲ್ಲಿ, ಸ್ಕೂಲಿನ ಹಾಜರಿ ಪುಸ್ತಕದ ಕೆಳಗೆ ಇಡುತ್ತಿದ್ದೆ.

ಭದ್ರಮ್ಮನ ಪಾತ್ರ ನನಗೇ ಬಂತು. ಹೆಣ್ಣು ಪಾತ್ರಗಳನ್ನು ಗಂಡಸರೇ ಮಾಡುವ ಕಾಲ. ನನ್ನದು ಸಣಕಲು ಮೈ, ಮೀಸೆಯೂ ಹೇಳಿಕೊಳ್ಳುವ ಹಾಗೆ ಬಂದಿರಲಿಲ್ಲ. ಇನ್ನು ಸೀರೆ. ನಮ್ಮಲ್ಲಿ ಪದ್ಧತಿ ಏನೆಂದರೆ, ಹೆಣ್ಣು ವೇಷ ಹಾಕುವವನು ತಾನಿರುವ ಮನೆಯಿಂದಲೇ ಸೀರೆ ತರಬೇಕು. ಸೀರೆ ಕೊಟ್ಟ ಮನೆಯ ಹೆಂಗಸಿಗೆ ಮುಂದಿನ ಸಾಲಿನಲ್ಲಿ ಚಾಪೆ. ನಾಟಕದ ನಡುವೆ ಎದ್ದು, ಸೆರಗು ನೆಲಕ್ಕೆ ತಾಗುತ್ತಿದೆ ಎಂದು ಕೂಗುವ ಹಕ್ಕೂ ಅವಳಿಗಿರುತ್ತಿತ್ತು. ಹೆಸರು ಊರು ಎಲ್ಲ ಬದಲಾಯಿಸಿದ ನಾನು ಮಹಾ ಬುದ್ಧಿವಂತನಂತೆ ಅತ್ತೆಯ ಬಳಿ ಹೋಗಿ ಅವಳ ಕುಂಬಳಹೂ ಬಣ್ಣದ ಸೀರೆಯನ್ನೇ ಕೇಳಿದೆ. ಮಳವಳ್ಳಿಯ ಹೆಂಗಸರಿಗೆ ಒಬ್ಬೊಬ್ಬರ ಸೀರೆಯೂ ಅವರವರ ಮುಖದಷ್ಟೇ ಪರಿಚಯ ಎಂಬ ಯೋಚನೆ ನನ್ನ ತಲೆಗೆ ಹೊಳೆಯಲೇ ಇಲ್ಲ. ಅತ್ತೆ, "ಅರ್ದಾಕಿದ್ರೆ ಚರ್ಮ ಸುಲ್ದು ಒಲಿಸ್ಕತೀನಿ" ಎಂದು ಹೇಳಿ ಕೊಟ್ಟಳು.

ಇದಾದ ಹತ್ತು ಹದಿನೈದು ದಿನಕ್ಕೆ ಒಂದು ಬೆಳಿಗ್ಗೆ ಅತ್ತೆ ಸೆರಗನ್ನು ಕತ್ತಿನ ಸುತ್ತ ಎಳೆದು ಹೊದ್ದುಕೊಂಡು ಒಲೆ ಊದುತ್ತಿದ್ದಳು. ಬೇಸಗೆಯಲ್ಲಿ ಇದೇನು ಚಳಿ ಎಂದುಕೊಂಡೆ. ನಾಲ್ಕು ದಿನ ಹಾಗೇ ನಡೆಯಿತು. ಅದಕ್ಕಿಂತ ವಿಚಿತ್ರವೆಂದರೆ ಆ ನಾಲ್ಕು ದಿನ ಅವಳು ಯಾರನ್ನೂ ಬಯ್ಯಲಿಲ್ಲ. ನನ್ನ ಮುದ್ದೆಯ ಗಾತ್ರದ ಬಗ್ಗೆ ಮಾತೇ ಇಲ್ಲ. ಐದನೇ ದಿನ ಮಾವ ಮೆಲ್ಲಗೆ, "ನಿಮ್ಮತ್ತೆಗೆ ಕತ್ತಲ್ಲಿ ಏನೋ ಗಂಟಾಗೈತೆ ಕಣಪ್ಪ. ನಿಂಬೆಹಣ್ಣಿನ ಗಾತ್ರ" ಎಂದರು.

ಎರಡನೇ ಅಂಕದಲ್ಲಿ ನಾನು ಬರೆದಿದ್ದ ಜಾಗವೇ. ಕತ್ತಿನಲ್ಲೇ, ಪಕ್ಕದಲ್ಲೇ. ನಾನು ಮಕ್ಕಳಿಗೆ ಶಕುನ, ದೃಷ್ಟಿ, ಮಾಟ ಎಲ್ಲ ಸುಳ್ಳೆಂದು ಪಾಠ ಹೇಳುವ ಮೇಷ್ಟ್ರು. ಗ್ರಹಣದ ದಿನ ಎಲ್ಲರೆದುರಿಗೆ ಬಾಳೆಹಣ್ಣು ತಿಂದು ತೋರಿಸಿದವನು. ಆದರೆ ಆವತ್ತು ಹಾಜರಿ ಕರೆಯುವಾಗ ಒಂದೇ ಹೆಸರನ್ನು ಎರಡು ಸಲ ಕೂಗಿದೆ. ನಾನು ಬರೆದದ್ದು ಮೊದಲು, ಗಂಟು ಎದ್ದದ್ದು ಆಮೇಲೆ. ಪಂಡಿತರು ಬಂದು ನೋಡಿದರು. ಲೇಪ ಹಾಕಿದರು. ವಾರವಾದರೂ ಇಳಿಯಲಿಲ್ಲ. ಕೊನೆಗೆ, "ಇದು ನನ್ನ ಕೈ ಮೀರಿದ್ದು. ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೊಯ್ದು ನೋಡಬೇಕಾಗುತ್ತದೆ" ಎಂದು ತಲೆಯಾಡಿಸಿದರು. ನಾಟಕದಲ್ಲಿ ನಾನು ಬರೆದಿದ್ದ ಪಂಡಿತನೂ ಹೀಗೇ ತಲೆಯಾಡಿಸಿದ್ದ. ಅಲ್ಲಿಗೆ ಎರಡನೇ ಅಂಕ ಮುಗಿಯಿತು. ನಾಲ್ಕನೆಯದಕ್ಕೆ ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕುತ್ತ ನಾನು ಊಟ ಬಿಟ್ಟೆ.

ಆಗೆಲ್ಲ ಕತ್ತಿ ಹಾಕುವ ಆಸ್ಪತ್ರೆಗೆ ಹೋಗುವುದೆಂದರೆ ಕಾಶಿಗೆ ಹೋದ ಹಾಗೆ. ವಾಪಸು ಬಂದರೆ ಬಂದರು. ಹಾಗೆ ಹೊರಡುವವರು ಬೀದಿಯ ಮನೆಮನೆಗೂ ಹೋಗಿ, "ತಪ್ಪು ಒಪ್ಪು ಹೊಟ್ಟೇಲಿ ಹಾಕ್ಕೊಳ್ಳಿ" ಎಂದು ಹೇಳಿ ಬರುವುದು ನಮ್ಮ ಕಡೆಯ ಪದ್ಧತಿ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು, "ಬಾರ್ಲಾ, ಏಳ್ಬುಟ್ಟು ಬರಾನ" ಎಂದಳು. ನಾನು ಹಿಂದೆ ಹೊರಟೆ. ಇನ್ನೇನು, ಮೂರನೇ ಅಂಕ ಕಣ್ಣೆದುರಿಗೇ ನಡೆಯುತ್ತದೆ, ಅತ್ತೆ ಎಲ್ಲರ ಕಾಲು ಹಿಡಿಯುತ್ತಾಳೆ ಎಂದುಕೊಂಡಾಗ ನನಗೇ ಅಳು ಬರುವಂತಾಯಿತು.

ಮೊದಲ ಮನೆ ಎದುರು ಬದಿಯ ನಿಂಗಮ್ಮನದು. ಆರು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅತ್ತೆಯನ್ನು ಹೊಸ್ತಿಲಲ್ಲಿ ಕಂಡು ನಿಂಗಮ್ಮ ಗಾಬರಿಯಾಗಿ ಎದ್ದು ನಿಂತಳು. ಅತ್ತೆ ಒಳಗೆ ಹೋಗಲಿಲ್ಲ, ಕೂರಲಿಲ್ಲ.

"ನಿಂಗಿ, ನಾಳೆ ಆಸ್ಪತ್ರೆಗೆ ಓಯ್ತಾ ಇವ್ನಿ. ಬತ್ತೀನೋ ಇಲ್ವೋ ಗೊತ್ತಿಲ್ಲ. ಆವತ್ತು ನನ್ ಕೋಳಿ ಇಡ್ಕಂಡು ತಿಂದಿದ್ದು ನೀನೇ ಅಂತ ನಂಗೊತ್ತು. ನಾನು ಸತ್ತೋದ್ರೆ ನಿಂಗೆ ಇದುನ್ನ ಏಳೋರು ಯಾರೂ ಇರಕಿಲ್ಲ. ಅದುಕ್ಕೇ ಏಳ್ಬುಟ್ಟು ಓಗಾನ ಅಂತ ಬಂದೆ" ಎಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಈಗ ಜುಟ್ಟು ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ. ಏನೂ ಸದ್ದಿಲ್ಲ. ಕಣ್ಣು ಬಿಟ್ಟರೆ ನಿಂಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತಿದ್ದಾಳೆ. "ಒಂದಲ್ಲ ಕಣಕ್ಕ, ಎಲ್ಡು" ಎಂದಳು. "ಆ ಕರಿ ಹ್ಯಾಟೆ ಒಂದು, ಮಾರ್ನೆ ವರ್ಸ ಉಂಜ ಒಂದು."

"ಉಂಜಾನೂ ನೀನೇಯಾ? ನಾನು ನರಿ ಅಂದ್ಕಂಡಿದ್ದೆ" ಎಂದು ಅತ್ತೆ ಮುಂದಿನ ಮನೆಗೆ ನಡೆದಳು.

ಆವತ್ತು ಬೀದಿಯುದ್ದಕ್ಕೂ ಇದೇ ಆಯಿತು. ಅತ್ತೆ ಒಬ್ಬರಲ್ಲೂ ಕ್ಷಮೆ ಕೇಳಲಿಲ್ಲ. ಮನೆಮನೆಯ ಮುಂದೆ ನಿಂತು, ಅವರವರಿಗೆ ಹೇಳಬೇಕಾಗಿದ್ದನ್ನು ಮುಖಕ್ಕೆ ಹೇಳಿದಳು. ಕೇಳಿದವರೆಲ್ಲ ತಿರುಗಿ ಬಯ್ಯುವ ಬದಲು ಒಪ್ಪಿಕೊಂಡರು. ಸಾಯಲು ಹೊರಟವಳ ಎದುರಿಗೆ ಸುಳ್ಳು ಹೇಳಲು ಯಾರಿಗೂ ಬಾಯಿ ಬರಲಿಲ್ಲವೋ ಏನೋ. ಬಾವಿಯ ಹಗ್ಗ ಕದ್ದವನು ಹಗ್ಗ ತಂದು ಮುಂದಿಟ್ಟ. ನಮ್ಮ ಹೆಡ್‌ಮಾಸ್ಟರು ದಾರಿಯಲ್ಲಿ ಸಿಕ್ಕರು. "ನಿಮ್ಗೆ ಲೆಕ್ಕ ಬರಾಕಿಲ್ಲ, ಅದುಕ್ಕೇ ಮಕ್ಳುಗೆ ಒಡೀತೀರ" ಎಂದಳು. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಭಿನ್ನರಾಶಿ ಒಂದು ಸ್ವಲ್ಪ ತೊಡಕು ತಾಯಿ" ಎಂದರು. ನಾನು ಅವಳ ಹಿಂದೆ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದೆ. ಇಡೀ ಬೀದಿಯಲ್ಲಿ ತಪ್ಪೊಪ್ಪಿಕೊಳ್ಳದೆ ಉಳಿದವನು ನಾನೊಬ್ಬನೇ. ಅಷ್ಟು ಹೊತ್ತಿಗೆ ಹೇಳಿಬಿಡಬೇಕೆಂದು ನನಗೂ ಅನ್ನಿಸಿತು. ಆದರೆ ಧೈರ್ಯ ಬರಲಿಲ್ಲ.

ಮಾರನೆಯ ದಿನ ಹೊರಟೆವು. ರಕ್ತ ನೋಡಿದರೆ ತಲೆ ಸುತ್ತುವ ಮಾವ ಮನೆಯಲ್ಲೇ ಉಳಿದರು. ಪೆಟ್ರೋಲಿನ ಅಭಾವದಿಂದ ಮಂಡ್ಯದ ನೇರ ಬಸ್ಸು ನಿಂತುಹೋಗಿತ್ತು. ಮದ್ದೂರಿಗೆ ಇದ್ದಿಲಿನ ಬಸ್ಸು, ಅಲ್ಲಿಂದ ರೈಲು. ಆ ಇದ್ದಿಲಿನ ಬಸ್ಸನ್ನು ನೋಡಿದವರು ಈಗ ಎಷ್ಟು ಜನ ಉಳಿದಿದ್ದಾರೋ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ. ಕಂಡಕ್ಟರು ಅರ್ಧ ಗಂಟೆ ಅದರ ಚಕ್ರ ತಿರುಗಿಸಿ ಹೊಗೆ ಎಬ್ಬಿಸಿದರೆ ಎಂಜಿನ್ನು ಒಂದು ಸಲ ಕೆಮ್ಮುತ್ತಿತ್ತು. ದಿಣ್ಣೆ ಬಂದರೆ ನಾವೆಲ್ಲ ಇಳಿದು ನಡೆಯಬೇಕು. ಉಳಿದವರು ಮಾತಿಲ್ಲದೆ ಇಳಿಯುತ್ತಿದ್ದರು. ಅತ್ತೆ ಮಾತ್ರ, "ನಮ್ಮನ್ನ ಒತ್ಕಂಡು ಓಗಾಕೆ ಬಸ್ಸೋ, ಬಸ್ಸು ಒತ್ಕಂಡು ಓಗಾಕೆ ನಾವೋ" ಎಂದು ಕಂಡಕ್ಟರನ್ನು ಮದ್ದೂರಿನವರೆಗೂ ಬಿಡಲಿಲ್ಲ. ಅವಳು ಬಯ್ಯುವುದನ್ನು ಕೇಳಿ ನನ್ನ ಜೀವಕ್ಕೆ ಎಷ್ಟೋ ಸಮಾಧಾನವಾಯಿತು.

ಮದ್ದೂರು ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ಮರದ ಕೆಳಗಿನ ಬೆಂಚಿನ ಮೇಲೆ ಕೂತೆವು. ವಡೆ ತಂದುಕೊಟ್ಟೆ. ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟು, "ಈರುಳ್ಳಿ ಸೀದೋಗೈತೆ" ಎಂದಳೇ ಹೊರತು ಮಾರುವವನನ್ನು ಕರೆದು ಬಯ್ಯಲಿಲ್ಲ. ಕೈ ಮತ್ತೆ ಕತ್ತಿನ ಕಡೆಗೆ ಹೋಯಿತು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಾನೊಂದು ತಪ್ಪು ಮಾಡಿದೀನಿ" ಎಂದೆ.

"ಒಂದೇಯಾ?"

"ನಿನ್ನ ಮೇಲೆ ನಾಟಕ ಬರೆದಿದೀನಿ. ಆ ಸೀರೆ ಅದಕ್ಕೇ ಕೇಳಿದ್ದು."

ಅತ್ತೆ ನನ್ನ ಮುಖವನ್ನೇ ನೋಡಿದಳು. ಕೆನ್ನೆಗೆ ಬೀಳುತ್ತದೆ ಎಂದು ನಾನು ಸ್ವಲ್ಪ ಸರಿದು ಕೂತೆ. "ಏಳು ನೋಡಾನ, ಏನ್ ಕತೆ?" ಎಂದಳು. ಹೇಳಿದೆ. ಬೀದಿ ಜಗಳ ಹೇಳಿದೆ, ಕತ್ತಿನ ಗಂಟು ಹೇಳಿದೆ, ಪಂಡಿತರು ತಲೆಯಾಡಿಸಿದ್ದು ಹೇಳಿದೆ. ಅವಳು ವಡೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು. ಮೂರನೇ ಅಂಕಕ್ಕೆ ಬಂದಾಗ, "ಕಾಲು ಇಡ್ಕಂಡು ತಪ್ಪಾಯ್ತು ಅಂತಾಳಾ? ಯಾಕ್ಲಾ? ಕೋಳಿ ಕಳ್ಕಂಡೋಳು ಅವ್ಳಲ್ವಾ?" ಎಂದಳು. ನಾನು ಹಳಿಯ ಕಡೆ ತಿರುಗಿ ಕೂತೆ. ಹಳಿಯ ಆಚೆ ಯಾರೋ ಕಬ್ಬಿನ ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು.

"ಕಡೇಗೆ ಏನಾಯ್ತಾಳ್ಲಾ ಅವ್ಳು? ಸಾಯ್ತಾಳಾ, ಬದುಕ್ತಾಳಾ?"

ಅವಳ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನೋಟ್ ಪುಸ್ತಕ ನನ್ನ ಕೈಚೀಲದಲ್ಲೇ ಇತ್ತು. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಭದ್ರಮ್ಮ ಪ್ರಾಣ ಬಿಡುತ್ತಾಳೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

"ಬದುಕ್ತಾಳೆ ಅತ್ತೆ" ಎಂದೆ.

"ದಿಟವಾಗ್ಲೂ?"

"ನಾನೇ ಬರ್ದಿರೋದಲ್ವಾ. ಬದುಕ್ತಾಳೆ."

ಅತ್ತೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ರೈಲು ಬರುವವರೆಗೂ ಬಿಡಲಿಲ್ಲ. ಅವಳ ಕೈ ತಣ್ಣಗಿತ್ತು. ಇವಳನ್ನು ಕಳೆದುಕೊಂಡರೆ ನನ್ನ ಗತಿ ಏನು ಎಂದು ಅವತ್ತು ಆ ಬೆಂಚಿನ ಮೇಲೆ ಮೊದಲ ಸಲ ಅನ್ನಿಸಿತು. ಎರಡು ವರ್ಷ ದಿನಾ ಅವಳನ್ನು ಮನಸ್ಸಿನಲ್ಲೇ ಶಪಿಸುತ್ತ ಅವಳ ಕೈಯ ಮುದ್ದೆ ಉಂಡಿದ್ದೆ. ಅವಳಿಲ್ಲದ ಆ ಮನೆ ಹೇಗಿರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಮಾರನೆಯ ದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ಸಕ್ಕರೆ ಕಾರ್ಖಾನೆಯ ಕಡೆಯಿಂದ ಬೆಲ್ಲದ ಪಾಕದಂಥ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ನಾನು ವರಾಂಡದಲ್ಲಿ ಕೂತು ಚೀಲದಿಂದ ನೋಟ್ ಪುಸ್ತಕ ತೆಗೆದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಗಬಹುದು, ನಗಿ. ಗ್ರಹಣದಲ್ಲಿ ಬಾಳೆಹಣ್ಣು ತಿಂದ ಆ ವಿಚಾರವಾದಿ ಪೆನ್ಸಿಲಿಗೆ ಎಂಜಲು ಹಚ್ಚಿಕೊಂಡು, ಒಳಗೆ ಡಾಕ್ಟರು ಕತ್ತಿ ಹಾಕುವ ಮೊದಲೇ ಭದ್ರಮ್ಮನನ್ನು ಬದುಕಿಸಬೇಕೆಂದು ನಾಲ್ಕನೇ ಅಂಕವನ್ನು ತಿದ್ದತೊಡಗಿದ. 'ಪ್ರಾಣ ಬಿಡುತ್ತಾಳೆ' ಎಂಬುದನ್ನು ಹೊಡೆದು ಹಾಕಿದೆ. ಹೊಡೆದರೂ ಅಕ್ಷರ ಕಾಣುತ್ತಿತ್ತು. ಮತ್ತೆ ಮತ್ತೆ ಗೀಚಿದೆ, ಕಾಗದ ಹರಿಯಿತು. ಹಾಳೆಯನ್ನೇ ಕಿತ್ತು ಸಣ್ಣ ಚೂರು ಮಾಡಿ ಜೇಬಿಗೆ ಹಾಕಿಕೊಂಡೆ. ಹೊಸ ಹಾಳೆಯಲ್ಲಿ 'ಭದ್ರಮ್ಮ ಎದ್ದು ಕೂರುತ್ತಾಳೆ' ಎಂದು ಬರೆದೆ. ಮುಂದೆ ಏನೂ ತೋಚಲಿಲ್ಲ. ಅದನ್ನೇ ಹನ್ನೊಂದು ಸಲ ಬರೆದೆ, ತಪ್ಪು ಬರೆದ ಹುಡುಗರಿಗೆ ಕಾಪಿ ಬರೆಸುತ್ತಾರಲ್ಲ, ಹಾಗೆ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಬರೀ ಕೊಬ್ಬಿನ ಗಂಟು. ತೆಗೆದಿದ್ದೀವಿ. ಹೆದರೋ ಅಂಥದ್ದು ಏನೂ ಇಲ್ಲ" ಎಂದರು. ಆಮೇಲೆ ಸ್ವಲ್ಪ ತಡೆದು, "ಆಕೆ ನಿಮಗೆ ಏನಾಗಬೇಕು?" ಎಂದು ಕೇಳಿದರು. ಸೋದರತ್ತೆ ಎಂದೆ. "ಹೊಲಿಗೆ ಹಾಕುವಾಗ, ಗೋಣಿಚೀಲ ಹೊಲಿಯೋನೂ ಇದಕ್ಕಿಂತ ನೀಟಾಗಿ ಹೊಲೀತಾನೆ ಅಂದ್ರು" ಎಂದರು. ನಾನು ಅಲ್ಲೇ ಕಂಬಕ್ಕೊರಗಿ ಅತ್ತುಬಿಟ್ಟೆ.

ಎರಡು ವಾರಕ್ಕೆ ಮಳವಳ್ಳಿಗೆ ವಾಪಸಾದೆವು. ಅತ್ತೆ ಬಸ್ಸಿಳಿದಾಗ ಬೀದಿಯ ಜನರ ಮುಖ ನೋಡಬೇಕಿತ್ತು. ಒಂದು ಕಣ್ಣಲ್ಲಿ ಸಂತೋಷ, ಒಂದು ಕಣ್ಣಲ್ಲಿ ದಿಗಿಲು. ಸಾಯುವವಳ ಮುಂದೆ ಒಪ್ಪಿಕೊಂಡದ್ದೆಲ್ಲ ಈಗ ಬದುಕಿರುವವಳ ಮುಂದೆ ಒಪ್ಪಿಕೊಂಡಂತಾಗಿತ್ತು. ನಿಂಗಮ್ಮ ಅಂದು ಸಂಜೆಯೇ ಒಂದು ಹ್ಯಾಟೆ, ಒಂದು ಹುಂಜ ತಂದು ನಮ್ಮ ಹಟ್ಟಿಯಲ್ಲಿ ಬಿಟ್ಟಳು. ಅತ್ತೆ ಎರಡನ್ನೂ ಎತ್ತಿ ನೋಡಿ, "ನನ್ ಉಂಜ ಇದುಕ್ಕಿಂತ ತೂಕ ಇತ್ತು" ಎಂದಳು. ಅಲ್ಲಿಗೆ ಇಬ್ಬರಿಗೂ ಮತ್ತೆ ಮಾತು ಶುರುವಾಯಿತು, ಅಂದರೆ ಜಗಳ.

ನಾಟಕವನ್ನು ನಾನು ಹೊಸದಾಗಿ ಬರೆದೆ. ಮೂರನೇ ಅಂಕದಲ್ಲಿ ಭದ್ರಮ್ಮ ಕಾಲು ಹಿಡಿಯುವುದಿಲ್ಲ, ಮನೆಮನೆಗೂ ಹೋಗಿ ಬಯ್ದು ಬರುತ್ತಾಳೆ. ನಾಲ್ಕನೆಯದರಲ್ಲಿ ಬದುಕಿ ಬಂದು ಕೋಳಿ ವಾಪಸು ಕೇಳುತ್ತಾಳೆ. ರಾಮಯ್ಯನಿಗೆ ಮಾತ್ರ ಸಿಟ್ಟು ಬಂತು. "ಮುಖಾರಿ ಹಾಡು ಏನ್ ಮಾಡ್ಲಿ ಮೇಷ್ಟ್ರೇ? ಮೂರು ವಾರ ಕೂತು ರಾಗ ಕೂರಿಸಿದ್ದೀನಿ" ಎಂದ. ಅದನ್ನು ಬಿಡಲಾರದೆ, ಕೊನೆಯಲ್ಲಿ ನಿಂಗಮ್ಮನಂಥ ಪಾತ್ರ ಎರಡು ಕೋಳಿಗಳನ್ನು ತಬ್ಬಿಕೊಂಡು ಬೀಳ್ಕೊಡುವಾಗ ಹಾಡಲು ಇಟ್ಟೆವು. ನಾಟಕ ಆಡಿದ ಭಾನುವಾರ ಸಂತೆ ಮಾಳ ಕಿಕ್ಕಿರಿದಿತ್ತು. ಕುಂಬಳಹೂ ಬಣ್ಣದ ಸೀರೆಯಲ್ಲಿ ನಾನು ಕಾಲಿಟ್ಟ ತಕ್ಷಣ ಹೆಂಗಸರ ಕಡೆಯಿಂದ "ಕೆಂಪಮ್ಮ, ಕೆಂಪಮ್ಮ" ಎಂಬ ಗುಸುಗುಸು ಎದ್ದಿತು. ಅತ್ತೆ ಮುಂದಿನ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಬಯ್ಯುವ ಸಾಲು ಮರೆತಾಗಲೆಲ್ಲ ಕೂತಲ್ಲಿಂದಲೇ ಹೇಳಿಕೊಟ್ಟಳು. ಅವಳು ಹೇಳಿಕೊಟ್ಟಿದ್ದು ನಾನು ಬರೆದಿದ್ದಕ್ಕಿಂತ ಚೆನ್ನಾಗಿತ್ತು. ನಾಟಕ ಮುಗಿದ ಮೇಲೆ ಜನ ಬಂದು ಹೊಗಳಿದ್ದು ಅವಳನ್ನು.

ಮರುವರ್ಷ ನನಗೆ ಮಂಡ್ಯಕ್ಕೆ ವರ್ಗವಾಯಿತು. ಹಾಸಿಗೆ ಸುರುಳಿ ಕಟ್ಟಿಕೊಂಡು ಹೊರಟಾಗ ಅತ್ತೆ ಜಗಲಿಯಲ್ಲಿ ನಿಂತಿದ್ದಳು. ಕಾಲಿಗೆ ನಮಸ್ಕಾರ ಮಾಡಿದೆ. ಏನಾದರೂ ಒಳ್ಳೆಯ ಮಾತು ಬರಬಹುದೆಂದು ಕಾದೆ.

"ಓಯ್ತಾ ಇದ್ದೀಯ. ಒಂ ಮಾತು ಏಳ್ಬುಡ್ತೀನಿ" ಎಂದಳು. "ನಾಟ್ಕದಾಗೆ ನೀನು ನನ್ನ ಸಾಯ್ಸಿದ್ದೆ. ನಂಗೊತ್ತು."

ಕೈಯಲ್ಲಿದ್ದ ಸುರುಳಿ ಜಾರಿತು.

"ಗೂಡಲ್ಲಿದ್ದ ಪುಸ್ತಕಾನ ಆಸ್ಪತ್ರೆಗೆ ಒಂಡಾಕೆ ಮುಂಚೇನೇ ನಿಮ್ಮಾವ ಓದಿ ಏಳಿದ್ರು. ಕಾಲು ಇಡ್ಕಂಡು ತಪ್ಪಾಯ್ತು ಅಂತಾಳೆ ಅಂದಾಗ ನಂಗೆ ಮೈಯೆಲ್ಲ ಉರ್ದೋಯ್ತು. ಅದುಕ್ಕೇ ಕಣ್ಲಾ ಬೀದಿ ತುಂಬ ಬೋದು ಬಂದಿದ್ದು." ಅವಳು ಸೆರಗು ಸರಿಮಾಡಿಕೊಂಡಳು. ಕತ್ತಿನ ಪಕ್ಕದಲ್ಲಿ ಹೊಲಿಗೆಯ ಗೆರೆ ಕಂಡಿತು. "ಆದ್ರೆ ಸಾಯ್ತಾಳೆ ಅಂದಾಗ ಎದ್ರುಕೆ ಆಗಿತ್ತು. ಮದ್ದೂರು ಟೇಸನ್ನಾಗೆ ಬೇಕಂತ್ಲೇ ಕೇಳ್ದೆ. ಬದುಕ್ತಾಳೆ ಅಂದೆ ನೀನು. ಸುಳ್ಳು ಅಂತ ಗೊತ್ತಿತ್ತು. ಆದ್ರೂ ವಸಿ ಧೈರ್ಯ ಬಂತು ಕಣ್ಲಾ. ನಿನ್ ಜಲ್ಮದಾಗೆ ನೀನು ಮಾಡಿರೋ ಒಳ್ಳೇ ಕೆಲ್ಸ ಅದೊಂದೇಯ. ಓಗು, ಬಸ್ಸು ಒಂಟೋಯ್ತದೆ."

ಅವಳ ಹಿಂದೆ ಬಾಗಿಲಲ್ಲಿ ಮಾವ ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ಜಾರಿದ ಸುರುಳಿಯನ್ನು ಎತ್ತಿಕೊಂಡು ಬಸ್ಸಿನ ಕಡೆಗೆ ಓಡಿದೆ.

ಅತ್ತೆ ಅದಾದ ಮೇಲೂ ಇಪ್ಪತ್ತೆರಡು ವರ್ಷ ಚೆನ್ನಾಗಿ ಬಯ್ದುಕೊಂಡು ಬದುಕಿದಳು. ಹಾಳಾದದ್ದು ನನ್ನ ಸಾಹಿತ್ಯ. ಮಂಡ್ಯದಲ್ಲಿ ನಾನು ಇನ್ನೂ ಆರು ನಾಟಕ ಬರೆದೆ. ಎಲ್ಲದರಲ್ಲೂ ಕಾಯಿಲೆ ಬಿದ್ದವರು ಎದ್ದು ಕೂತರು, ಬಾವಿಗೆ ಹಾರಿದವಳನ್ನು ಯಾರೋ ಮೇಲೆತ್ತಿದರು, ವಿಷ ಕುಡಿದ ಖಳನಾಯಕನಿಗೂ ವಾಂತಿಯಾಗಿ ವಾಸಿಯಾಯಿತು. ಕೊನೆಯ ಅಂಕದಲ್ಲಿ ಒಬ್ಬರನ್ನಾದರೂ ಸಾಯಿಸೋಣವೆಂದು ಪೆನ್ನು ಎತ್ತಿದರೆ, ಇದನ್ನು ಯಾರಾದರೂ ಅವರಿಗೆ ಓದಿ ಹೇಳಿಬಿಟ್ಟರೆ ಎಂದು ಕೈ ನಿಂತುಬಿಡುತ್ತಿತ್ತು. ಅಳಬೇಕೆಂದು ಕರವಸ್ತ್ರ ತಂದ ಜನ ಅದನ್ನು ಮಡಿಸಿಕೊಂಡೇ ವಾಪಸು ಹೋದರು. ಆರರಲ್ಲಿ ಒಂದನ್ನೂ ಎರಡನೇ ಸಲ ಆಡಲಿಲ್ಲ.